ಅತ್ತೆಯ ಹಂಡೆಯ ಕಿಲುಬು

ಚೋರ್ಬಾ ವೆಂಡೆಲ್ ಬಗ್ಗೆ ಸೆಗೆಡ್ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಒಳ್ಳೆಯ ಮನುಷ್ಯ ಅನ್ನುತ್ತಾರೆ. ನಗದೆ ಒಳ್ಳೆಯವನು ಅಂದವರನ್ನು ನಾನಂತೂ ಕಂಡಿಲ್ಲ.

ತಿಸಾ ನದಿಯ ಹತ್ತಿರದ ರಸಾಯನ ಪ್ರಯೋಗಾಲಯದಲ್ಲಿ ಮೂಲೆಯ ಕೋಣೆ ಅವನದು. ಆ ಕೋಣೆಗೆ ಕಾಲಿಟ್ಟರೆ ಬಾದಾಮಿ ಹಾಕಿ ಸುಟ್ಟ ಬ್ರೆಡ್ಡಿನ ವಾಸನೆ ಗಮ್ಮೆಂದು ಹೊಡೆಯುತ್ತದೆ. ಹೊಸಬರು ಬಾಯಲ್ಲಿ ನೀರೂರಿಸಿಕೊಂಡು ಒಳಗೆ ಬಂದು, ತಿನ್ನುವುದಕ್ಕೆ ಏನೂ ಇಲ್ಲವೆಂದು ಪೆಚ್ಚುಮೋರೆ ಹಾಕಿಕೊಂಡು ಹೋಗುತ್ತಾರೆ. ಸುತ್ತ ಕಪಾಟುಗಳಲ್ಲಿ ಜಾಮಿನ ಬಾಟಲಿ, ಸಾಸಿವೆಯ ಬಾಟಲಿ, ಉಪ್ಪಿನಕಾಯಿಯ ಜಾಡಿ. ಎಲ್ಲದರಲ್ಲೂ ಒಂದೊಂದು ಪುಡಿ, ಒಂದೊಂದು ದ್ರವ. ವೆಂಡೆಲ್ ಹುಟ್ಟಿದಾರಭ್ಯ ಒಂದು ದಾರದ ತುಂಡನ್ನೂ ಎಸೆದವನಲ್ಲ. ಬಡತನದಿಂದ ಬಂದ ಬುದ್ಧಿ ಅಲ್ಲ ಅದು, ಅವನ ಮೈಗೇ ಅಂಟಿದ್ದು. ಮದುವೆಯ ದಿನ ಉಡುಗೊರೆಗಳ ಮೇಲಿನ ಬಣ್ಣದ ಕಾಗದವನ್ನು ಹರಿಯದೆ ಬಿಡಿಸುತ್ತಾ ಕೂತು, ಮದುಮಗಳ ಜತೆ ಮೊದಲ ಕುಣಿತವನ್ನೇ ತಪ್ಪಿಸಿಕೊಂಡ ಮಹಾನುಭಾವ. ಅದನ್ನು ಹೆಂಡತಿ ಬೋರಿಷ್ಕಾ ಇಂದಿಗೂ ಮರೆತಿಲ್ಲ, ಮರೆಯುವ ಅಂದಾಜೂ ಇಲ್ಲ.

ಇನ್ನು ಅವನ ಕೆಲಸ. ಮುಸುಕಿನ ಜೋಳದ ಕಾಳು ಬಿಡಿಸಿದ ಮೇಲೆ ದಿಂಡು ಉಳಿಯುತ್ತದಲ್ಲ, ಅದನ್ನು ಬೇಯಿಸಿ ಇಳಿಸಿದರೆ ಫರ್ಫ್ಯೂರಲ್ ಅನ್ನುವ ಎಣ್ಣೆಯಂಥದ್ದೊಂದು ಬರುತ್ತದೆ. ಬಾದಾಮಿಯ ವಾಸನೆ ಅದರದೇ. ಆ ಫರ್ಫ್ಯೂರಲ್‌ಗೆ ಒಂದು ಕಡೆ ಮಾತ್ರ ಜಲಜನಕ ಸೇರಿಸಿದರೆ ಎರಕದವರು ಅಚ್ಚು ಕಟ್ಟುವ ಅಂಟಿಗೆ ಬೇಕಾದ ವಸ್ತು ಸಿಗುತ್ತದೆ. ಸೇರಿಸಿಕೊಡುವುದಕ್ಕೆ ಲೋಹದ ಕಣ ಬೇಕು, ಕಣ್ಣಿಗೂ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ನ್ಯಾನೋ ಕಣ. ಪ್ಲಾಟಿನಮ್ಮಿನಂಥ ಲೋಹಗಳು ಹೇಳಿದಷ್ಟು ಮಾಡುತ್ತವೆ, ಬೆಲೆ ಮಾತ್ರ ಕೇಳಬಾರದು. ನಿಕಲ್ ಅಗ್ಗ. ಆದರೆ ಆ ನಿಕಲ್ ಒಂದು ಹೊಟ್ಟೆಬಾಕ! ಒಂದು ಕಡೆ ಸೇರಿಸು ಅಂದರೆ ಸಿಕ್ಕಸಿಕ್ಕ ಕಡೆಯೆಲ್ಲಾ ಜಲಜನಕ ತುರುಕಿ, ಅಂಟಿಗೂ ಬಾರದ ಗೊಬ್ಬರಕ್ಕೂ ಬಾರದ ಕಲಸುಮೇಲೋಗರ ಮಾಡಿ ಕೂರುತ್ತದೆ. ಅಗ್ಗದ ನಿಕಲ್‌ಗೆ ಅಂಕೆ ಕಲಿಸಬೇಕು, ಇದೇ ವೆಂಡೆಲ್‌ನ ಜೀವನದ ಹಟ. ಓರಗೆಯವರೆಲ್ಲಾ ಪ್ರೊಫೆಸರಾದರು, ಇಬ್ಬರು ಮೂವರು ಮಂತ್ರಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇವನು ನಿಕಲ್ ಬೈಯುತ್ತಾ ತಲೆ ಬೋಳು ಮಾಡಿಕೊಂಡ. ಅವನಿಗೆ ಇದ್ದ ಹೆಮ್ಮೆ ಒಂದೇ: ಬಾರದ ಫಲಿತಾಂಶವನ್ನು ಬಂತು ಎಂದು ಒಮ್ಮೆಯೂ ಬರೆದವನಲ್ಲ. "ಚೋರ್ಬಾ ಬರೆದ ಅಂಕಿ ಅಂದ್ರೆ ಕಣ್ಮುಚ್ಚಿ ನಂಬಬಹುದು" ಎಂದು ಅವನಿಗಾಗದವರೂ ಹೇಳುತ್ತಿದ್ದರು.

ಮನೆಯಲ್ಲಿ ಅವನ ಶನಿ ಅಂದರೆ ಅತ್ತೆ, ಎತೆಲ್ಕಾ. ಮಕೋ ಕಡೆಯ ಹಳ್ಳಿಯಲ್ಲಿ ಒಬ್ಬಳೇ ದರ್ಬಾರು. ಹಿತ್ತಲ ತುಂಬ ಪ್ಲಮ್ ಮರ, ಕೊಟ್ಟಿಗೆಯಲ್ಲಿ ಅಜ್ಜಿಯ ಕಾಲದ ತಾಮ್ರದ ಭಟ್ಟಿ ಹಂಡೆ. ಹಣ್ಣು ಕೊಳೆಹಾಕಿ, ಶರತ್ಕಾಲದಲ್ಲಿ ಅವಳು ಇಳಿಸುವ ಪಾಲಿಂಕಾ ಸಾರಾಯಿ ಕುಡಿದರೆ ಪಾದ್ರಿಗಳಿಗೂ ಪ್ರವಚನ ಉದ್ದವಾಗುತ್ತಿತ್ತಂತೆ. ಭಟ್ಟಿಯಲ್ಲಿ ಮೊದಲು ಇಳಿಯುವುದು ಘಾಟು, ವಿಷ. ಅದನ್ನು ಯಾರೂ ಕುಡಿಯುವುದಿಲ್ಲ, ಕೀಲುನೋವಿಗೆ ಉಜ್ಜುತ್ತಾರೆ, ಕಿಟಕಿ ಒರೆಸುತ್ತಾರೆ. ನಡುವೆ ಇಳಿಯುವುದೇ ಅಮೃತ. ಎತೆಲ್ಕಾಗೆ ಅಳಿಯಂದಿರು ಇಬ್ಬರು. ಟ್ರ್ಯಾಕ್ಟರ್ ರಿಪೇರಿಯ ಗೆರ್ಗೋಗೆ ನಡುವಿನದು, ಡಾಕ್ಟರೇಟ್ ಮಾಡಿದ ವೆಂಡೆಲ್‌ಗೆ ಮೊದಲಿನದು. ಮದುವೆಯಾದಾಗಿಂದ ಇದೇ ಕ್ರಮ.

"ತಗೊಳ್ಳಿ ಡಾಕ್ಟರ್ ಸಾಹೇಬ್ರೇ, ನಿಮ್ಮ ಕಿಟಕಿಗೆ" ಎಂದು ಬಾಟಲಿ ಚಾಚುವಳು. "ಮಂಡಿನೋವು ಅಂದ್ರೆ ಔಷಧಿ ಬರೆಯೋಕೆ ಬರಲ್ಲ, ಡಾಕ್ಟ್ರಂತೆ ಡಾಕ್ಟ್ರು!"

ಅವಮಾನ ನುಂಗಿಕೊಂಡರೂ ಬಾಟಲಿ ಮಾತ್ರ ಬಿಟ್ಟುಬರುವವನಲ್ಲ ನಮ್ಮ ವೆಂಡೆಲ್. ಅರ್ಧ ಮನೆಯ ಕಿಟಕಿಗೆ, ಇನ್ನರ್ಧ ಪ್ರಯೋಗಾಲಯದ ಗಾಜಿಗೆ. ಪ್ರಯೋಗಾಲಯದಲ್ಲಿ ಶುದ್ಧ ಮದ್ಯಸಾರ ಬೇಕೆಂದರೆ ಕಚೇರಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕು. ನಿಕಲ್ ಪುಡಿಯನ್ನು ಕೊನೆಯಲ್ಲಿ ಒಂದು ಸಲ ಮದ್ಯಸಾರದಲ್ಲಿ ತೊಳೆಯುವುದು ರೂಢಿ. ಬರೀ ತೊಳೆಯುವುದಕ್ಕೆ ಇದು ಸಾಲದೇ ಎಂದು ಒಂದು ಶರತ್ಕಾಲದಲ್ಲಿ ಮೊದಲ ಸಲ ಅನ್ನಿಸಿ, ಅತ್ತೆಯ ಪ್ರಸಾದವನ್ನು 'ಶುದ್ಧ ಮದ್ಯಸಾರ' ಎಂದು ಚೀಟಿ ಅಂಟಿಸಿದ್ದ ಬಾಟಲಿಗೆ ಸುರಿದು, ಅದೇ ಗಳಿಗೆಯಲ್ಲಿ ಅದನ್ನು ಮರೆತುಬಿಟ್ಟ.

ಆ ಚಳಿಗಾಲದಲ್ಲಿ ನಿಕಲ್ ದಾರಿಗೆ ಬಂತು! ಉಕ್ಕಿನ ಪಾತ್ರೆಯಲ್ಲಿ ಫರ್ಫ್ಯೂರಲ್ ಸುರಿದು, ಪುಡಿ ಹಾಕಿ, ಜಲಜನಕ ಒತ್ತಿ, ಬಿಸಿ ಮಾಡಿ ತೆಗೆದರೆ, ಬೇಕಾದ್ದೊಂದು ಬಿಟ್ಟು ಬೇರೇನೂ ಇಲ್ಲ. ವೆಂಡೆಲ್ ನಂಬಲಿಲ್ಲ. ಮತ್ತೆ ಮಾಡಿದ. ಮತ್ತೆ ಅದೇ. ಇನ್ನೊಂದು ಸಲ ಮಾಡಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತ. ವಿಭಾಗದ ಮುಖ್ಯಸ್ಥೆ ಕ್ಲೋತಿಲ್ಡ್ ಮೇಡಂ, ಯಾರನ್ನೂ ಹೊಗಳದ ಹೆಂಗಸು, ಓಣಿಯಲ್ಲಿ ನಿಲ್ಲಿಸಿ ಕೈ ಕುಲುಕಿದರು. ಇಬ್ಬರ ಹೆಸರಲ್ಲೂ ಲೇಖನ ಅಚ್ಚಾಯಿತು.

ಗೆದ್ದವನಿಗೆ ಕಾರಣ ಹೇಳುವ ಚಪಲ ಇದ್ದದ್ದೇ. ತಾನು ಪುಡಿಯನ್ನು ನಿಧಾನವಾಗಿ, ಬಲು ನಿಧಾನವಾಗಿ ಬಿಸಿ ಮಾಡುತ್ತೇನೆ, ಅದಕ್ಕೇ ಕಣಗಳು ಶಿಸ್ತಾಗಿ ಕೂರುತ್ತವೆ ಎಂದು ವೆಂಡೆಲ್ ಒಂದು ಸಿದ್ಧಾಂತ ಕಟ್ಟಿದ. ನೋಡನೋಡುತ್ತಾ ಅದು ಬದುಕಿನ ಸಿದ್ಧಾಂತವೇ ಆಯಿತು. ಟ್ರಾಮಿಗೆ ಓಡುವವರನ್ನು ತಡೆದು, "ನಿಧಾನ, ನಿಧಾನ" ಎಂದು ಬೋಧಿಸುವನು. ಮೀನಿನ ಸಾರು ಕುದಿಸುವ ಬೋರಿಷ್ಕಾಗೂ ಉರಿ ತಗ್ಗಿಸು ಅನ್ನುವನು. ಪಕ್ಕದ ಕೋಣೆಯ ಜೋಂಬೋರ್, ಬಾಯಿ ಸುಮ್ಮನಿರದ ಯುವ ವಿಜ್ಞಾನಿ, "ಗುರುಗಳದು ಕೈಗುಣ ಕಣ್ರೀ, ಸಿದ್ಧಾಂತ ಗಿದ್ಧಾಂತ ಏನಿಲ್ಲ" ಎಂದು ಕಿಚಾಯಿಸಿದರೆ, ವೆಂಡೆಲ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು.

ಹೀಗೆ ಮೆರೆಯುತ್ತಿರುವಾಗಲೇ ಮುಂದಿನ ಶರತ್ಕಾಲ ಬಂತು. ಹಳ್ಳಿಗೆ ಹೋದವನು ಅತ್ತೆಯ ಕೊಟ್ಟಿಗೆಗೆ ಇಣುಕಿದ. ಹಂಡೆಯ ಮುಚ್ಚಳ, ಕೊಳವೆ, ಎಲ್ಲದರೊಳಗೂ ಹಸಿರು ಕಿಲುಬು ಹೆಪ್ಪುಗಟ್ಟಿ ಕೂತಿತ್ತು.

"ಅತ್ತೆ, ಇದು ವಿಷ! ಕಿಲುಬು ಹಿಡಿದ ತಾಮ್ರದಲ್ಲಿ ಕುಡಿಯೋದನ್ನ ಇಳಿಸ್ತಾರಾ ಯಾರಾದ್ರೂ? ಪ್ಲಮ್ ರಸದ ಹುಳಿ ಈ ಕಿಲುಬನ್ನೆಲ್ಲಾ ಕರಗಿಸಿ ಮೊದಲ ಇಳಿತಕ್ಕೇ ತಂದು ಹಾಕುತ್ತೆ."

"ನಮ್ಮಜ್ಜಿ ತೊಂಬತ್ತು ದಾಟಿದ್ಲು ಇದರಲ್ಲೇ ಕುಡಿದು" ಎಂದಳು ಎತೆಲ್ಕಾ. "ಮೊದಲಿಂದು ನಾವು ಕುಡಿಯೋದೂ ಇಲ್ಲ. ನಿಮಗೆ ತಾನೇ ಕೊಡೋದು?"

ಭಾನುವಾರ ಅವಳು ಇಗರ್ಜಿಗೆ ಹೋದದ್ದೇ ತಡ, ವೆಂಡೆಲ್ ತೋಳು ಮಡಿಚಿದ. ವಿನಿಗರ್, ನಿಂಬೆ ಉಪ್ಪು, ತಂತಿ ಬ್ರಷ್ಷು. ಮುಚ್ಚಳ, ಕೊಳವೆ, ಸಂದುಗೊಂದು ಬಿಡದೆ ತಿಕ್ಕಿದ. ಪ್ರಾರ್ಥನೆ ಮುಗಿಸಿ ಬಂದ ಎತೆಲ್ಕಾ ಹಂಡೆಯಲ್ಲಿ ತನ್ನ ಮುಖ ತಾನೇ ಕಂಡು ಕಿಟಾರನೆ ಕಿರುಚಿದಳು. ಅತ್ತೆ ಅಳಿಯ ಆವತ್ತಿನಿಂದ ಮಾತು ಬಿಟ್ಟರು. ಆದರೂ ಆ ವರ್ಷದ ಕಿಟಕಿಯ ಬಾಟಲಿ ಗೆರ್ಗೋ ಕೈಯಲ್ಲಿ ಬಂತು. ದ್ವೇಷದಲ್ಲೂ ಸಂಪ್ರದಾಯ ಬಿಡದ ಹೆಂಗಸು. ಅದರ ಅರ್ಧ, ಕೈ ಅಭ್ಯಾಸದಿಂದ, ಪ್ರಯೋಗಾಲಯದಲ್ಲಿ ಖಾಲಿಯಾಗಿದ್ದ ಮದ್ಯಸಾರದ ಬಾಟಲಿಗೆ ಬಿತ್ತು.

ವಸಂತದಲ್ಲಿ ಪೋರ್ಚುಗಲ್‌ನಿಂದ ಒಂದು ಪತ್ರ ಬಂತು. ಗ್ರಾಸಿಯೆಟ್ ಎಂಬಾಕೆ ಬಹಳ ವಿನಯದಿಂದ ಬರೆದಿದ್ದರು: ನಿಮ್ಮ ಲೇಖನದಂತೆ ಮಾಡಿದೆವು, ನಮಗೆ ಬರುತ್ತಿಲ್ಲ, ಎಲ್ಲಿ ತಪ್ಪಿದೆವೋ ತಿಳಿಸಿ. ವೆಂಡೆಲ್ ಓದಿ ಮೀಸೆಯಡಿ ನಕ್ಕ. ನೀವು ಆತುರಗಾರರು, ಬಂದು ಕಣ್ಣಾರೆ ನೋಡಿ ಎಂದು ಉತ್ತರಿಸಿದ. ಆಕೆ ಬರುತ್ತೇನೆ ಅಂದೇಬಿಟ್ಟರು. ಬರುವ ಮುನ್ನ ಕೈ ಪಳಗಿರಲಿ ಎಂದು ವೆಂಡೆಲ್ ಒಂದು ಸಲ ಮಾಡಿ ನೋಡಿದ.

ಬರಲಿಲ್ಲ.

ಪಾತ್ರೆಯಲ್ಲಿ ಅದೇ ಹಳೆಯ ಕಲಸುಮೇಲೋಗರ. ಇನ್ನೂ ನಿಧಾನವಾಗಿ ಬಿಸಿ ಮಾಡಿದ. ಬರಲಿಲ್ಲ. ಹೋದ ವರ್ಷ ತೊಟ್ಟಿದ್ದ ಸ್ವೆಟರ್ ಹುಡುಕಿ ತೊಟ್ಟ. ರೇಡಿಯೋದಲ್ಲಿ ಅದೇ ಸ್ಟೇಷನ್ ಹಾಕಿದ. ಬಾಗಿಲ ಸಂದಿಯಲ್ಲಿ ಜೋಂಬೋರ್ ಮುಖ ತೂರಿಸಿ, "ಗುರುಗಳೇ, ಆವಾಗ ನಿಮಗೆ ನೆಗಡಿ ಇತ್ತು. ತರಿಸಿಕೊಳ್ಳಿ" ಅಂದ. ವೆಂಡೆಲ್ ಬೈಯಬೇಕಿತ್ತು. ಬೈಯದೆ, ಆಗ ನೆಗಡಿ ಇತ್ತೇ ಎಂದು ನಿಜವಾಗಿಯೂ ಯೋಚಿಸಿದ. ಅಷ್ಟು ಕೆಟ್ಟಿತ್ತು ಅವನ ಸ್ಥಿತಿ.

ಕ್ಲೋತಿಲ್ಡ್ ಮೇಡಂ ಕರೆಸಿದರು. "ಕೂತ್ಕೋ ವೆಂಡೆಲ್. ಆಕೆ ಗುರುವಾರ ಬರ್ತಾರೆ. ಅವರೆದುರು ಆಗಲಿಲ್ಲ ಅಂದ್ರೆ ಲೇಖನ ವಾಪಸ್ ತಗೋಬೇಕು. ವಾಪಸ್ ಅಂದ್ರೆ ಜನ ಏನಂತಾರೆ ಗೊತ್ತಲ್ವಾ?"

"ಸುಳ್ಳು ಬರೆದ ಅಂತಾರೆ."

"ನಾನು ಅನ್ನಲ್ಲ. ಆದರೆ ನನ್ನೊಬ್ಬಳ ಮಾತು ಯಾರು ಕೇಳ್ತಾರೆ?"

ಮನೆಗೆ ಬಂದು ಸಾರಿನ ಬಟ್ಟಲ ಮುಂದೆ ಕೂತ. ಚಮಚದಿಂದ ಸುಮ್ಮನೆ ಕಲಕಿದ. ಪ್ರೊಫೆಸರಾಗದಿದ್ದರೂ ಚಿಂತೆ ಮಾಡದವನಿಗೆ ಈ 'ಸುಳ್ಳ' ಅನ್ನುವ ಒಂದು ಮಾತು ಎದೆಗೆ ಚುಚ್ಚಿಕೊಂಡಿತ್ತು. ಬೋರಿಷ್ಕಾ ಕುರ್ಚಿ ಹತ್ತಿ ಕಿಟಕಿ ಒರೆಸುತ್ತಿದ್ದಳು, ಈಸ್ಟರ್ ಹತ್ತಿರ ಬಂದಿತ್ತು. ಗಂಡನ ಮೋರೆ ನೋಡಿ, ಏನಾದರೂ ಒಳ್ಳೆಯ ಮಾತಾಡೋಣ ಎಂದು ಅವಳು ಅಂದದ್ದು ಇಷ್ಟೇ:

"ನೋಡಿ, ನೀವು ಅಮ್ಮನ ಹಂಡೆ ತಿಕ್ಕಿದ್ದು ಒಳ್ಳೇದೇ ಆಯ್ತು. ಹೋದ್ಸಲದ ಬಾಟಲಿಯಿಂದ ಒರೆಸಿದ್ರೆ ಬಿಳೀ ಚೌಕಟ್ಟಿನ ಮೇಲೆಲ್ಲಾ ಹಸಿರು ಗೆರೆ ಬೀಳ್ತಿತ್ತು. ಈ ಸಲದ್ದು ಎಷ್ಟು ಶುದ್ಧವಾಗಿದೆ!"

ವೆಂಡೆಲ್ ಚಮಚ ಕೆಳಗಿಟ್ಟ. ಬಾಯಿ ತೆರೆದ, ಮುಚ್ಚಿದ.

"ಏನ್ರೀ? ಮೀನಿನ ಮುಳ್ಳು ಸಿಕ್ಕಿತಾ?"

"ಹಸಿರು" ಅಂದ ವೆಂಡೆಲ್. "ಅಯ್ಯೋ ನನ್ನ ಕರ್ಮವೇ! ತಾಮ್ರ!"

ಕೋಟಿನ ತೋಳು ಅರ್ಧ ತೂರಿಸಿಕೊಂಡೇ ಓಡಿದ. ನಿಧಾನದ ಪ್ರವಾದಿ ಟ್ರಾಮಿನ ಹಿಂದೆ ಎದ್ದುಬಿದ್ದು ಓಡಿದ್ದನ್ನು ಬೀದಿಯವರೆಲ್ಲಾ ಕಂಡರು. ದಾರಿಯುದ್ದಕ್ಕೂ ಲೆಕ್ಕ ತಾನೇ ತಾನಾಗಿ ಕೂಡಿಕೊಂಡಿತು. ಕಿಲುಬು ಕರಗಿದ ಆ ಇಳಿತದಲ್ಲಿ ನಿಕಲ್ ಪುಡಿ ತೊಳೆದಾಗ, ತಾಮ್ರ ಬಂದು ನಿಕಲ್ ಕಣದ ಮೈಗೆ ಹತ್ತಿಕೊಂಡಿದೆ. ಬಿಸಿಗೆ ಎರಡೂ ಬೆರೆತು ಮಿಶ್ರಲೋಹವಾಗಿವೆ. ತಾಮ್ರ ಸಾಧು ಲೋಹ. ಹೊಟ್ಟೆಬಾಕನ ಪಕ್ಕದಲ್ಲಿ ಕೂತು ಕೈ ಹಿಡಿದು, ಸಾಕು ಬಿಡೋ ಎಂದಿದೆ. ನಿಧಾನವಂತೆ ನಿಧಾನ! ಅಷ್ಟೂ ಬೊಗಳೆ. ಆ ತಾಮ್ರವನ್ನು ನಿಂಬೆ ಉಪ್ಪು ಹಾಕಿ ತಿಕ್ಕಿ ಚರಂಡಿಗೆ ಚೆಲ್ಲಿದವನು ಯಾರು? ತಾನೇ!

ಕಪಾಟಿನಿಂದ ತಾಮ್ರದ ನೀಲಿ ಉಪ್ಪು ಚಿಟಿಕೆ ತೆಗೆದು ಕರಗಿಸಿ, ಅದರಲ್ಲಿ ನಿಕಲ್ ತೊಳೆದು ನೋಡಿದ. ಬಂತು. ಮೊದಲಿನಷ್ಟೇ ಸೊಗಸಾಗಿ ಬಂತು. ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಸಂಗತಿ ಕೇಳಿ ಜೋಂಬೋರ್ ಹೊಟ್ಟೆ ಹಿಡಿದು ನಕ್ಕ, ಕಣ್ಣೊರೆಸಿಕೊಂಡು ಉಪಾಯವನ್ನೂ ಹೇಳಿದ. "ಯಾಕ್ ಗುರುಗಳೇ ತಲೆಬಿಸಿ? ಮೊದಲಿಂದ್ಲೂ ತಾಮ್ರ ಹಾಕ್ತಿದ್ದೆ, ಲೇಖನದಲ್ಲಿ ಬರೆಯೋಕೆ ಬಿಟ್ಟುಹೋಯ್ತು ಅಂದ್ಬಿಡಿ. ಯಾರು ಅತ್ತೆ ಮನೆ ಕೊಟ್ಟಿಗೇಲಿ ಹೋಗಿ ನೋಡ್ತಾರೆ?"

ಮಾತು ಸಿಹಿಯಾಗಿತ್ತು. ವೆಂಡೆಲ್ ಇಡೀ ದಿನ ಅದನ್ನು ಚಪ್ಪರಿಸಿದ. ಒಂದೇ ಸುಳ್ಳು, ಸಣ್ಣದು, ಯಾರಿಗೂ ನಷ್ಟವಿಲ್ಲ. ಹೇಳಿದರೆ ಜಾಣನಾಗಿ ಉಳಿಯುತ್ತೇನೆ. ಹೇಳದಿದ್ದರೆ ಕಿಟಕಿ ಒರೆಸುವುದನ್ನು ಶುದ್ಧ ಮದ್ಯಸಾರದ ಬಾಟಲಿಗೆ ಸುರಿದ ಪೆದ್ದ, ಬೊಗಳೆ ಸಿದ್ಧಾಂತದ ಪೆದ್ದ. ಹೀಗೆಲ್ಲ ಯೋಚಿಸಿ ಯೋಚಿಸಿ, ಕೊನೆಗೆ ಅವನಿಗೆ ತನ್ನ ಮೇಲೇ ರೇಗಿತು. ಸುಳ್ಳ ಅನ್ನಿಸಿಕೊಳ್ಳಬಾರದೆಂದು ಸುಳ್ಳು ಹೇಳುವುದೇ? ಪೆದ್ದ ಅನ್ನಲಿ, ಆ ಪದವಿ ಮನೆಯಲ್ಲಿ ಹೇಗೂ ಸಿಕ್ಕಿದೆ.

ಆದರೆ ನಿಜ ಹೇಳಿದರೆ ಸಾಲದು, ತೋರಿಸಬೇಕು. ಅಚ್ಚಾದ ಅಂಕಿಗಳು ಅತ್ತೆಯ ಹಳೆಯ ಇಳಿತದಿಂದಲೇ ಬಂದವು ಎಂದು ಗ್ರಾಸಿಯೆಟ್ ಎದುರು ಸಾಬೀತಾಗಬೇಕು. ಹಂಡೆ ತಿಕ್ಕುವ ಮೊದಲಿನ ಬಾಟಲಿ ಈಗ ಭೂಮಿಯ ಮೇಲೆ ಒಂದೇ ಕಡೆ ಉಳಿದಿರಬಹುದಿತ್ತು: ಎತೆಲ್ಕಾಳ ಮಂಚದ ಪಕ್ಕ, ಮಂಡಿಗೆ ಉಜ್ಜಲು.

ಹಳ್ಳಿಯ ಅಡುಗೆಮನೆಯಲ್ಲಿ ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ವೆಂಡೆಲ್ ಟೋಪಿ ಕೈಯಲ್ಲಿ ಹಿಡಿದು ಎಲ್ಲವನ್ನೂ ಹೇಳಿದ. ಅವಳಿಗೆ ಅರ್ಥವಾದದ್ದು ಒಂದೇ.

"ಅಂದ್ರೆ, ನನ್ನ ಪಾಲಿಂಕಾ ಇಲ್ದೆ ನಿಮ್ಮ ವಿಜ್ಞಾನ ನಡೆಯಲ್ಲ."

"ಪಾಲಿಂಕಾ ಅಲ್ಲ ಅತ್ತೆ, ಅದರಲ್ಲಿರೋ..."

"ಹಣ್ಣು ಒಳ್ಳೇದು. ನಮ್ಮಜ್ಜ ನೆಟ್ಟ ಮರ." ಚಾಕು ಕೆಳಗಿಟ್ಟಳು. "ಹಂಡೆ ತಿಕ್ಕಿದ್ದು ಯಾರ ತಪ್ಪು?"

"ನನ್ನದು."

"ಗಟ್ಟಿಯಾಗಿ. ಗೆರ್ಗೋ ಹಿತ್ತಲಲ್ಲಿದ್ದಾನೆ, ಅವನಿಗೂ ಕೇಳ್ಲಿ."

"ನನ್ನದೇ ತಪ್ಪು!" ಎಂದು ವೆಂಡೆಲ್ ಕೂಗಿದ. ಹಿತ್ತಲಲ್ಲಿ ಸುತ್ತಿಗೆಯ ಸದ್ದು ನಿಂತಿತು.

ಬಾಟಲಿ ಇತ್ತು, ತಳದಲ್ಲಿ ಒಂದಿಷ್ಟು. ಆದರೆ ಅದನ್ನು ಅಳಿಯನ ಕೈಗೆ ಕೊಡಲು ಎತೆಲ್ಕಾ ಸುತರಾಂ ಒಪ್ಪಲಿಲ್ಲ. ಗುರುವಾರ ಇಗರ್ಜಿಯ ಉಡುಪು ತೊಟ್ಟು, ಬಾಟಲಿಯನ್ನು ಶಾಲಿನೊಳಗೆ ಎದೆಗವಚಿಕೊಂಡು, ಬುಟ್ಟಿಯಲ್ಲಿ ಹಂದಿ ಕೊಬ್ಬಿನ ಖಾರದ ಬನ್ನು ತುಂಬಿಕೊಂಡು ತಾನೇ ಬಂದಿಳಿದಳು.

ಗ್ರಾಸಿಯೆಟ್, ಕ್ಲೋತಿಲ್ಡ್ ಮೇಡಂ, ಜೋಂಬೋರ್, ವಿಭಾಗದ ಅರ್ಧ ಜನ ಕೋಣೆಯಲ್ಲಿ ನೆರೆದಿದ್ದರು. ವೆಂಡೆಲ್ ನಿಂತು, ಬೆವರೊರೆಸಿಕೊಂಡು ಹೇಳಿದ: "ನಾನು ಬರೆದ ಅಂಕಿ ನಿಜ. ಕೊಟ್ಟ ಕಾರಣ ಸುಳ್ಳು. ಬಾಟಲಿಯಲ್ಲಿ ಇದ್ದದ್ದು ಶುದ್ಧ ಮದ್ಯಸಾರ ಅಲ್ಲ, ನಮ್ಮತ್ತೆ ಕಿಟಕಿ ಒರೆಸೋಕೆ ಕೊಟ್ಟದ್ದು. ಅದರಲ್ಲಿ ತಾಮ್ರ ಇತ್ತು. ನನಗೆ ಗೊತ್ತಿರಲಿಲ್ಲ." ಕೋಣೆಯಲ್ಲಿದ್ದವರೆಲ್ಲಾ ಗೊಳ್ಳೆಂದು ನಕ್ಕರು. ಕ್ಲೋತಿಲ್ಡ್ ಮೇಡಂ ಹಣೆ ಹಿಡಿದುಕೊಂಡರು. ವೆಂಡೆಲ್‌ನ ಬೋಳುತಲೆಯವರೆಗೂ ಕೆಂಪೇರಿತು, ಆದರೆ ಅವನು ಜಾಗ ಬಿಟ್ಟು ಕದಲಲಿಲ್ಲ.

ಒಂದು ಪಾಲು ನಿಕಲ್ ಪುಡಿಯನ್ನು, ಹಂಡೆ ತಿಕ್ಕಿದ ಮೇಲೆ ಬಂದ ಹೊಸ ಬಾಟಲಿಯಿಂದ ತೊಳೆದರು, ಇನ್ನೊಂದು ಪಾಲಿಗೆ ಎತೆಲ್ಕಾ ತಾನೇ ಸುರಿದಳು, ಶಿಲುಬೆ ಗುರುತು ಮಾಡಿಕೊಂಡು. ಪಾತ್ರೆ ಬಿಸಿಯಾಗುವ ತನಕ ಕಾಯಬೇಕು. ಬನ್ನುಗಳು ಹೊರಬಂದವು. ಗ್ರಾಸಿಯೆಟ್‌ಗೂ ಎತೆಲ್ಕಾಗೂ ನಡುವೆ ಒಂದೇ ಒಂದು ಸಾಮಾನ್ಯ ಪದವಿರಲಿಲ್ಲ. ಆದರೂ ಇಬ್ಬರೂ ಮಂಡಿ ತೋರಿಸಿ, ಸೊಂಟ ಹಿಡಿದು, ವೆಂಡೆಲ್ ಕಡೆ ಬೆರಳು ಮಾಡಿ, ಬಿದ್ದುಬಿದ್ದು ನಗುತ್ತಾ ಮಾತಾಡಿಕೊಂಡರು. ಏನು ಮಾತಾಡಿದರೋ ದೇವರೇ ಬಲ್ಲ.

ಕೊನೆಗೆ ಯಂತ್ರ ಫಲಿತಾಂಶದ ಗೆರೆ ಎಳೆಯಿತು, ಒಂದೊಂದು ವಸ್ತುವಿಗೆ ಒಂದೊಂದು ಏರು. ಹೊಸ ಬಾಟಲಿಯದು ಗುಡ್ಡಗಾಡಿನಂತೆ ಹತ್ತಾರು ಏರು. ಅತ್ತೆಯದು ನೆಟ್ಟಗೆ ಒಂದೇ ಒಂದು ಏರು, ಲೇಖನದಲ್ಲಿ ಅಚ್ಚಾದಂತೆಯೇ. ಗ್ರಾಸಿಯೆಟ್ ಅದನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು, ವೆಂಡೆಲ್‌ನನ್ನು ನೋಡಿದರು, ಎದ್ದು ಬಂದು ಅವನ ಎರಡೂ ಕೈ ಹಿಡಿದರು. "ನೀವು ಬರೆದದ್ದನ್ನು ಇನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಕಾರಣಗಳನ್ನು ಬಿಟ್ಟು" ಅಂದರು.

ಬೇಸಿಗೆಯಲ್ಲಿ ತಿದ್ದುಪಡಿ ಅಚ್ಚಾಯಿತು. ವೆಂಡೆಲ್ ಅದನ್ನು ಹಳ್ಳಿಗೆ ಒಯ್ದು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿದ. ಗೆರ್ಗೋ ಇದ್ದ, ಬೋರಿಷ್ಕಾ ಇದ್ದಳು. ತನ್ನ ಹೆಸರಿರುವ ಸಾಲಿನ ಮೇಲೆ ಎತೆಲ್ಕಾ ಬೆರಳಿಟ್ಟಳು. "ಓದು."

"ತಾಮ್ರ ಬಂದದ್ದು ಎತೆಲ್ಕಾ ಅವರ ಭಟ್ಟಿ ಹಂಡೆಯ ಕಿಲುಬಿನಿಂದ, ಅವರಿಗೆ ಕೃತಜ್ಞತೆ, ಅಂತ."

"ಹಣ್ಣಿನ ವಿಚಾರ?"

"ಇಲ್ಲ ಅತ್ತೆ. ಹಣ್ಣಿಗೂ ಇದಕ್ಕೂ..."

"ಕಿಲುಬಾ!" ಅವಳ ದನಿ ತೊಲೆ ಮುಟ್ಟಿತು. "ಇಡೀ ಲೋಕ ಓದೋ ಕಾಗದದಲ್ಲಿ, ನನ್ನ ಹೆಸರಿನ ಪಕ್ಕ, ಕಿಲುಬು! ಎತೆಲ್ಕಾ ಮನೆ ಪಾತ್ರೆ ತೊಳೆಯಲ್ಲ ಅಂತ ಪೋರ್ಚುಗಲ್ ತನಕ ಸಾರಿಬಿಟ್ಯಲ್ಲೋ ಹಾಳಾದವನೇ!"

ಗೆರ್ಗೋ ಮುಖ ಆಚೆ ತಿರುಗಿಸಿ ಕೆಮ್ಮಿದ. ವೆಂಡೆಲ್ ತಲೆ ತಗ್ಗಿಸಿ ಕೂತ. ಸ್ವಲ್ಪ ಹೊತ್ತು ಬೈದ ಮೇಲೆ ಎತೆಲ್ಕಾಗೆ ಉಸಿರು ಸೋತಿತು. ಕಾಗದದ ಕಡೆ ನೋಡಿ ಕೇಳಿದಳು: "ಕೆಳಗಡೆ ಇನ್ನೇನೋ ಇದೆಯಲ್ಲ?"

"ಅದು ನನ್ನ ವಿಚಾರ. ನಿಧಾನವಾಗಿ ಬಿಸಿ ಮಾಡ್ಬೇಕು ಅಂತಿದ್ನಲ್ಲ, ಅದು ತಪ್ಪು, ಅದಕ್ಕೆ ಆಧಾರವಿಲ್ಲ ಅಂತ."

"ಯಾರು ಬರೆದದ್ದು? ಆ ಮೇಡಮ್ಮಾ?"

"ನಾನೇ ಬರೆದೆ."

"ನಿನ್ನ ಮಾತು ಸುಳ್ಳು ಅಂತ ನೀನೇ ಅಚ್ಚು ಹಾಕಿಸಿದ್ಯಾ? ಲೋಕಕ್ಕೆಲ್ಲಾ?"

"ಹೂಂ."

ಎತೆಲ್ಕಾ ಅವನನ್ನು ದಿಟ್ಟಿಸಿ ನೋಡಿದಳು. ಎದ್ದು, ಮಂಡಿ ಹಿಡಿದು ಬಗ್ಗಿ, ಕಪಾಟಿನ ಕೆಳಗಿನ ಅರೆಯಿಂದ ಒಂದು ಬಾಟಲಿ ತೆಗೆದಳು. ಗೆರ್ಗೋ ಅಭ್ಯಾಸಬಲದಿಂದ ತನ್ನ ಲೋಟ ಮುಂದೆ ತಳ್ಳಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ವೆಂಡೆಲ್‌ನ ಮುಂದೆ ಒಂದು ಪುಟ್ಟ ಗ್ಲಾಸು ಇಟ್ಟು ತುಂಬ ಸುರಿದಳು.

"ನಡುವಿನದು" ಅಂದಳು. "ಕಿಟಕಿಗಲ್ಲ. ಕುಡಿ."

ವೆಂಡೆಲ್ ಕುಡಿದ. ಕಣ್ಣಲ್ಲಿ ನೀರು ಬಂತು. ಘಾಟಿಗೆ ಎಂದು ಸುಳ್ಳು ಹೇಳಲು ಹೋಗದೆ, ತೋಳಿನಿಂದ ಒರೆಸಿಕೊಂಡ.

"ಇನ್ನೊಂದ್ಸಲ ಹಂಡೆ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೇಳಿ, ಅತ್ತೆ ಗ್ಲಾಸನ್ನು ಮತ್ತೆ ತುಂಬಿಸಿದಳು.